ಚಿಗರಿಯ ನ್ಯಾಯ ನೋಡಲು ಹೋದ ಮೂರು ದಿನ

ಶುಕ್ರವಾರ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಹಾವೇರಿಯವರೆಗಿನ ಟಿಕೆಟ್ಟನ್ನು ಡೈರಿಯ ಹಾಳೆಗಳ ನಡುವೆ ಇಟ್ಟುಕೊಂಡಿದ್ದೇನೆ. ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಕಡಿಮೆ. ಒಂದು ಊರಿಗೆ ಹೋಗಿ ಬಂದು ಹದಿನೈದು ದಿನ ಕಳೆದರೆ ಅಲ್ಲಿ ನಡೆದದ್ದಕ್ಕೂ ನಡೆಯಬೇಕಿತ್ತು ಎಂದು ನಾನು ಅಂದುಕೊಂಡದ್ದಕ್ಕೂ ಗೆರೆ ಅಳಿಸಿಹೋಗುತ್ತದೆ. ಹಾಗಾಗಿ ಈ ಬರಹದಲ್ಲಿ ಡೈರಿ ಹೇಳುವುದನ್ನೇ ಹೆಚ್ಚು ನೆಚ್ಚಿದ್ದೇನೆ. ಡೈರಿ ಸುಮ್ಮನಿರುವ ಕಡೆ ಹಾಗೆಂದೇ ಹೇಳುತ್ತೇನೆ.

ಕಿಟಕಿಯಾಚೆ ಬಿಳಿಜೋಳ ತೆನೆ ತುಂಬಿ ನಿಂತಿತ್ತು. ಗೋವಿನಜೋಳ ಕಟಾವಾದ ಹೊಲಗಳು ಬರಿದಾಗಿ ಬಿದ್ದಿದ್ದವು. ಫೆಬ್ರುವರಿಯ ಬಿಸಿಲು ಇನ್ನೂ ಸಹಿಸುವಂತಿತ್ತು. ನಾನು ಹೊರಟಿದ್ದು ಗಿರಿಜಕ್ಕನನ್ನು ನೋಡಲು. ಧಾರವಾಡದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಅವಳು ನನಗಿಂತ ಎರಡು ವರ್ಷ ಮುಂದಿದ್ದಳು. ಆಮೇಲೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದಳು, ಆ ಕೆಲಸ ಬಿಟ್ಟು ಹಾವೇರಿಯಲ್ಲಿ ಮಕ್ಕಳಿಗೆ ಹಾಡು, ಹಲಗಿ ವಾದ್ಯ, ಚಿತ್ರ, ನಾಟಕ ಕಲಿಸುವ ಒಂದು ಬಳಗ ಕಟ್ಟಿದಳು. ಹದಿನೆಂಟು ವರ್ಷಗಳಿಂದ ಅದನ್ನು ನಡೆಸುತ್ತಿದ್ದಾಳೆ. ಈಗ ಅವಳಿಗೆ ಅರವತ್ತೊಂದು. ‘ಈ ಸಲ ಬಂದು ನೋಡು. ಇನ್ನ ಮುಂದ ನಾ ಮುಂದಿರಂಗಿಲ್ಲ’ ಎಂದು ಫೋನಿನಲ್ಲಿ ಹೇಳಿದ್ದಳು.

ಹಾವೇರಿ ಸ್ಟೇಷನ್ನಿನಿಂದ ಆಟೋದವನಿಗೆ ಬಳಗದ ಹೆಸರು ಹೇಳಿದೆ. ಅವನಿಗೆ ತಿಳಿಯಲಿಲ್ಲ. ಬೀದಿಯ ಗುರುತು ಹೇಳಿದ ಮೇಲೆ ಹಿಂದೆ ತಿರುಗಿ ನಕ್ಕ: “ಗಿರಿಜಕ್ಕಾರ ಸಾಲಿ ಅನ್ನಬಾರದೇನ್ರಿ ಮದಲ? ನನ್ನ ಮಗಳೂ ಅಲ್ಲೇ ಹಲಗಿ ಬಡಿತಾಳ. ಮನ್ಯಾಗ ಒಂದು ಡಬ್ಬಿ ನೆಟ್ಟಗ ಉಳದಿಲ್ಲ.”

ಈ ಸಾಲಿ, ಎಂದರೆ ಶಾಲೆ, ಒಂದು ಹಳೆಯ ಗೋದಾಮು. ಒಂದು ಕಾಲದಲ್ಲಿ ಹತ್ತಿ ತುಂಬಿಡುತ್ತಿದ್ದರಂತೆ. ಗೋಡೆಯ ಮೇಲೆ ಆಳೆತ್ತರದವರೆಗೆ ಮಕ್ಕಳ ಚಿತ್ರಗಳು, ಅದರ ಮೇಲೆ ಬರೀ ಸುಣ್ಣ. ಮಕ್ಕಳ ಕೈ ಮುಟ್ಟಿದಷ್ಟೇ ಎತ್ತರಕ್ಕೆ ಬಣ್ಣ. ಏಣಿ ಹಾಕಿ ದೊಡ್ಡವರು ಮುಂದುವರಿಸುವುದಿಲ್ಲ. ನಾನು ಹೋದಾಗ ಸಂಜೆಯ ಕ್ಲಾಸು ನಡೆದಿತ್ತು. ಡೈರಿಯಲ್ಲಿ ಹದಿನಾಲ್ಕು ಮಕ್ಕಳು ಎಂದಿದೆ. ನೆನಪು ಮೂವತ್ತು ಎನ್ನುತ್ತದೆ, ಸದ್ದಿನಿಂದ ಲೆಕ್ಕ ಹಾಕಿರಬೇಕು.

ಅವರು ಭಾನುವಾರ ಬ್ಯಾಡಗಿಯಲ್ಲಿ ಆಡಬೇಕಿದ್ದ ನಾಟಕದ ಹೆಸರು ‘ಚಿಗರಿಯ ನ್ಯಾಯ’. ರಾಣೆಬೆನ್ನೂರು ಕಡೆಯ ಬಯಲುಗಳಲ್ಲಿ ಕೃಷ್ಣಮೃಗಗಳಿವೆ. ಜನ ಅವನ್ನು ಚಿಗರಿ ಅನ್ನುತ್ತಾರೆ. ಅವು ಹೊಲಕ್ಕೆ ನುಗ್ಗಿ ಗೋವಿನಜೋಳ ಮೇಯುವುದು ಅಲ್ಲಿನ ದಿನನಿತ್ಯದ ತಕರಾರು. ನಾಟಕದಲ್ಲಿ ಒಬ್ಬ ರೈತ ಒಂದು ಚಿಗರಿಯನ್ನು ಹಿಡಿದು ತಂದು ಪಂಚಾಯಿತಿ ಕೂಡಿಸುತ್ತಾನೆ. ಊರ ಗೌಡ ವಿಚಾರಣೆ ನಡೆಸುತ್ತಾನೆ. ಇರುವ ಸಾಕ್ಷಿ ಒಂದೇ, ಹೊಲದ ನಡುವೆ ನಿಂತ ಬೆದರುಗೊಂಬೆ. ಅದು ಕೊನೆಯಲ್ಲಿ ನಾಲ್ಕು ಸಾಲು ಹಾಡಿ, ಬೆಳೆಗೆ ಮೊದಲು ಬಾಯಿ ಹಾಕಿದ್ದು ಗೌಡನ ಎಮ್ಮೆ ಎಂದು ಬಯಲು ಮಾಡುತ್ತದೆ. ಕಥೆ, ಮಾತು, ಹಾಡು ಎಲ್ಲ ಮಕ್ಕಳೇ ಕಟ್ಟಿದ್ದು.

ಈ ಬಳಗದಲ್ಲಿ ಇಂಥ ಪಾತ್ರ ಇಂಥವರದು ಎಂಬುದಿಲ್ಲ. ಎಲ್ಲರೂ ಎಲ್ಲ ಪಾತ್ರಗಳನ್ನೂ ಕಲಿಯಬೇಕು. ಆಟದ ದಿನ ಬೆಳಿಗ್ಗೆ ಮುಂದಾಳು ಸಾಮಾನು ಹಂಚುತ್ತಾರೆ. ಕಟ್ಟಿಗೆಯ ಕೊಂಬು ಸಿಕ್ಕವರು ಅಂದಿನ ಚಿಗರಿ, ರುಮಾಲು ಸಿಕ್ಕವರು ಗೌಡ. ಒಲ್ಲೆ ಅನ್ನುವಂತಿಲ್ಲ. ಒಲ್ಲೆ ಅಂದವರು ಮನೆಗೆ. ಗೌಡರ ಮನೆಯ ಹುಡುಗನೇ ಗೌಡನಾಗಿ, ಆಳಿನ ಮಗಳೇ ಆಳಾಗುವುದನ್ನು ಮೊದಲ ವರ್ಷವೇ ಕಂಡು ಗಿರಿಜಕ್ಕ ಈ ಪದ್ಧತಿ ಮಾಡಿದಳಂತೆ. ನನಗೆ ಇದು ಬಹಳ ಹಿಡಿಸಿತು.

ಭಾನುವಾರದ ಆಟದಲ್ಲಿ ಸಾಮಾನು ಹಂಚುವವಳು ಗಿರಿಜಕ್ಕ ಅಲ್ಲ, ರೇಣುಕಾ. ಇಪ್ಪತ್ಮೂರು ವರ್ಷದ ಈ ಹುಡುಗಿ ಹಲಗೇರಿಯವಳು, ಹನ್ನೊಂದನೆಯ ವಯಸ್ಸಿನಲ್ಲಿ ಬಳಗಕ್ಕೆ ಬಂದವಳು. ಗಿರಿಜಕ್ಕ ಬಳಗವನ್ನು ಅವಳಿಗೆ ಒಪ್ಪಿಸಬೇಕೆಂದಿದ್ದಳು. ಇಂಥ ಪ್ರಯತ್ನ ಮೊದಲನೆಯದಲ್ಲ ಎಂದು ಅಂದೇ ತಿಳಿಯಿತು. ಎರಡು ವರ್ಷದ ಹಿಂದೆ ಒಬ್ಬ ಯುವಕನಿಗೆ ಒಪ್ಪಿಸಿದ್ದಳು. ಅವನು ನಾಲ್ಕು ತಿಂಗಳಲ್ಲಿ ಬಿಟ್ಟುಹೋದ.

“ಯಾಕ ಹೋದ?” ಎಂದು ಕೇಳಿದೆ.

“ಸಿಟ್ಟಿನ ಹುಡುಗ” ಎಂದಳು ಗಿರಿಜಕ್ಕ. ರೊಟ್ಟಿಗೆ ಶೇಂಗಾ ಚಟ್ನಿ ಹಾಕಿ, ಮೇಲೆ ಮೊಸರು ಬಡಿಸುತ್ತಾ ಮಾತು ಬದಲಿಸಿದಳು.

ಶನಿವಾರದ ತಾಲೀಮು ಹಲಗೇರಿಯ ಶಾಲೆಯಲ್ಲಿ, ಆಡುವ ಮಕ್ಕಳೆಲ್ಲ ಅಲ್ಲಿಗೆ ಬರುವುದಿತ್ತು. ಬೆಳಿಗ್ಗೆ ಏಳಕ್ಕೆ ನಾನೂ ಗಿರಿಜಕ್ಕನೂ ರಾಣೆಬೆನ್ನೂರಿನ ಬಸ್ಸು ಹಿಡಿದೆವು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೆಟ್ಟು ಉಚಿತ. ಬಳಗಕ್ಕೆ ಹಳ್ಳಿಯ ಹುಡುಗಿಯರು ಹೆಚ್ಚಾಗಿದ್ದೇ ಈ ಬಸ್ಸಿನಿಂದ ಎಂದು ಗಿರಿಜಕ್ಕ ಹೇಳಿದಳು. ಹೆದ್ದಾರಿಯಲ್ಲಿ ಲಾರಿಗಳ ಸಾಲು. ಸುಮಾರು ಮುಕ್ಕಾಲು ಗಂಟೆಯಲ್ಲಿ ರಾಣೆಬೆನ್ನೂರು ತಲುಪಿ, ಸ್ಟ್ಯಾಂಡಿನ ಎದುರು ಗಿರಮಿಟ್ ತಿಂದು, ಹಲಗೇರಿಯ ಬಸ್ಸು ಹತ್ತಿದೆವು.

ಈ ಸುತ್ತಿನ ಹೊಲಗಳಲ್ಲಿ ತರಕಾರಿ ಬೀಜ ಬೆಳೆಯುತ್ತಾರೆ. ಹಸಿರು ಪರದೆಯ ನೆಟ್ ಮನೆಗಳೊಳಗೆ ಹೆಂಗಸರು ಹೆಣ್ಣು ಗಿಡದ ಹೂವಿಗೆ ಗಂಡು ಗಿಡದ ಪರಾಗವನ್ನು ಕೈಯಿಂದ ಮುಟ್ಟಿಸುತ್ತಾರೆ. ಈ ಕೆಲಸಕ್ಕೆ ಎಲ್ಲರೂ ‘ಕ್ರಾಸಿಂಗ್’ ಅನ್ನುತ್ತಾರೆ. ರೇಣುಕಾ ಬೆಳಿಗ್ಗೆಯೆಲ್ಲ ಅದೇ ಕೆಲಸದಲ್ಲಿರುತ್ತಾಳೆ, ಮಧ್ಯಾಹ್ನದ ಮೇಲೆ ಬಳಗ. ಗಿರಿಜಕ್ಕ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಕೂಡಿಸಲು ಹೋದಳು. ನಾನು ರೇಣುಕಾಳನ್ನು ಹುಡುಕಿಕೊಂಡು ನೆಟ್ ಮನೆಗೆ ಹೋದೆ. ಟೊಮೆಟೊ ಸಾಲುಗಳ ನಡುವೆ ಸೊಂಟ ಬಗ್ಗಿಸಿ ನಿಂತಿದ್ದಳು. ಒಂದೊಂದು ಹೂವನ್ನೂ ಎರಡು ಬೆರಳಲ್ಲಿ ಹಿಡಿದು, ಬೆರಳಿಗೆ ಹಾಕಿಕೊಂಡ ಉಂಗುರದಂಥ ಪರಾಗದ ಬಟ್ಟಲಿಗೆ ತಾಗಿಸಿ ಮುಂದೆ ಸಾಗುತ್ತಿದ್ದಳು. ಒಂದು ಹೂವಿಗೆ ಎರಡು ಕ್ಷಣವೂ ಹಿಡಿಯುತ್ತಿರಲಿಲ್ಲ.

“ನಾಳಿನ ಆಟಕ್ಕ ಅಂಜಿಕಿ ಐತೇನವಾ?” ಎಂದೆ.

“ಆಟಕ್ಕ ಯಾಕ ಅಂಜಲ್ರಿ, ಹನ್ನೆರಡು ವರ್ಷ ಆಡೇನಿ” ಎಂದಳು. ಕೈ ನಿಲ್ಲಲಿಲ್ಲ. “ಅಂಜಿಕಿ ಅಕ್ಕಾರದು. ಅವರು ಬಿಡತೇನಿ ಅಂತಾರ, ಬಿಡಂಗಿಲ್ಲ. ಹಿಂದಿನಾಂವ ಸಿಟ್ಟಿಲೆ ಹೋಗಲಿಲ್ರಿ. ನಾಚಿಕಿ ಆಗಿ ಹೋದ. ಆಂವ ಒಂದು ಹೇಳಿದ ಕೂಡ್ಲೆ ಮಕ್ಕಳು ತಿರುಗಿ ಅಕ್ಕಾರ ಮಾರಿ ನೋಡ್ತಿದ್ವು. ಅಕ್ಕಾರು ಹೂಂ ಅಂದರ ಮಾಡ್ತಿದ್ವು.”

“ನೀ ಏನ್ ಮಾಡ್ತಿ?”

“ಅಕ್ಕಾರು ಖರೇನ ಬಿಟ್ಟರ ಹಿಡಿತೇನಿ. ನಾಳೆ ನೋಡತೇನಿ. ಬಿಡಲಿಲ್ಲಂದ್ರ ನಾಡದು ಬಂದು ಅವರ ಕಾಲಿಗೆ ಬಿದ್ದು, ಇಲ್ಲೇ ಹೂವಿನ ಕೂಡ ಇರತೇನಿ. ಹೂವು ತಿರುಗಿ ಯಾರ ಮಾರೀನೂ ನೋಡಂಗಿಲ್ಲ.”

ಈ ಮಾತನ್ನು ಅಲ್ಲೇ ನಿಂತು ಬರೆದುಕೊಂಡೆ. ನಾನು ಬರೆಯುವುದನ್ನು ಕಂಡು, “ಇದನ್ನೂ ಬರಕೊಂಡ್ರೇನು? ಆತು, ಬರಕೊಳ್ರಿ. ಆದರ ಅವರಿಗೆ ಹೇಳಬ್ಯಾಡ್ರಿ” ಎಂದಳು.

ಮಧ್ಯಾಹ್ನ ಮೂರಕ್ಕೆ ಶಾಲೆಯ ಬೇವಿನ ಮರದ ಕೆಳಗೆ ತಾಲೀಮು ಶುರುವಾಯಿತು. ಗಿರಿಜಕ್ಕ ದೂರದ ಕಟ್ಟೆಯ ಮೇಲೆ ನನ್ನ ಪಕ್ಕ ಕುಳಿತಳು. “ನಾ ಇವತ್ತು ಬರೀ ನೋಡಾಕ ಬಂದೇನಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಐದು ನಿಮಿಷವೂ ಆಗಿರಲಿಲ್ಲ, “ಹಲಗಿ ಮುಂದ ಹೋತು!” ಎಂದು ಕೂಗಿದಳು. ಆಮೇಲೆ ಒಬ್ಬಳ ನಿಲುವು, ಇನ್ನೊಬ್ಬನ ದನಿ. ಅವಳು ಹೇಳಿದ್ದೆಲ್ಲ ಸರಿಯೇ ಇತ್ತು, ಕಷ್ಟ ಇದ್ದದ್ದೇ ಅಲ್ಲಿ. ಒಂದೊಂದು ದೃಶ್ಯ ಮುಗಿದಾಗಲೂ ಹದಿನಾಲ್ಕು ಮುಖಗಳು ರೇಣುಕಾಳನ್ನು ದಾಟಿ ಕಟ್ಟೆಯತ್ತ ತಿರುಗುತ್ತಿದ್ದವು. ರೇಣುಕಾ ಕೊಂಬುಗಳಿಗೆ ಸುತ್ತಿದ್ದ ದಾರವನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತುತ್ತಾ ನಿಂತಿದ್ದಳು.

ಬೆದರುಗೊಂಬೆಯ ಹಾಡು ಬಂದಾಗ ಮಾತ್ರ ಗಿರಿಜಕ್ಕ ತಿದ್ದಲಿಲ್ಲ. ಹಲಗೇರಿಯ ಮಕ್ಕಳು ಹಿಂದಿನ ವಾರವಷ್ಟೇ ಕಟ್ಟಿದ ಹೊಸ ಹಾಡು ಅದು. “ಚಲೋ ಕಟ್ಟ್ಯಾವು” ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಇಲ್ಲಿ ನನ್ನ ತಪ್ಪೊಂದನ್ನು ಬರೆಯಬೇಕು. ಸಂಜೆ ಬಸ್ಸಿಗೆ ಕಾಯುವಾಗ ಅವಳು, “ಹೆಂಗನಿಸ್ತು?” ಎಂದಳು. “ನಿನ್ನಂಗ ಯಾರು ಮಾಡ್ತಾರ ಗಿರಿಜಕ್ಕ” ಎಂದುಬಿಟ್ಟೆ. ಬೆಳಿಗ್ಗೆ ರೇಣುಕಾಳ ಮಾತು ಕೇಳಿಯೂ ಹಾಗೆ ಅಂದೆ. ಹಳೆಯ ಗೆಳತಿಗೆ ಖುಷಿಯಾಗಲಿ ಎಂದೋ, ನನಗೂ ಅವಳಿಲ್ಲದ ಬಳಗ ಬೇಡವಾಗಿತ್ತೋ, ತಿಳಿಯದು. ಡೈರಿಯಲ್ಲಿ ಆ ಸಂಜೆಯ ಕೆಳಗೆ ‘ಹೇಳಬಾರದಿತ್ತು’ ಎಂದಷ್ಟೇ ಇದೆ.

ಭಾನುವಾರ ಮಕ್ಕಳ ಜೊತೆ ಟೆಂಪೋದಲ್ಲಿ ಬ್ಯಾಡಗಿಗೆ ಹೋದೆವು. ಊರು ಕಾಣುವ ಮೊದಲೇ ಮೂಗಿಗೆ ತಿಳಿಯುತ್ತದೆ. ಗಂಟಲು ಕೆರೆದು ಎರಡು ಸಲ ಸೀನಿದೆ. ಮಕ್ಕಳು ಬೆಟ್ಟು ಮಾಡಿ ನಕ್ಕರು. ಹೊಸಬರು ಎಷ್ಟು ಸೀನುತ್ತಾರೆಂದು ಎಣಿಸುವುದು ಅವರ ಆಟವಂತೆ. ನನ್ನದು ಹನ್ನೊಂದಕ್ಕೆ ನಿಂತಿತು. ರಸ್ತೆಯ ಎರಡೂ ಕಡೆ ಬಯಲಿನಲ್ಲಿ ಹರಡಿದ ಮೆಣಸಿನಕಾಯಿ. ಆ ಕೆಂಪನ್ನು ವರ್ಣಿಸಲು ಹೋಗಿ ಡೈರಿಯಲ್ಲಿ ಮೂರು ಸಾಲು ಹೊಡೆದುಹಾಕಿದ್ದೇನೆ.

ಆಟ ಇದ್ದದ್ದು ಹೆಂಗಸರು ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಒಂದು ದೊಡ್ಡ ಅಂಗಳದಲ್ಲಿ. ಸಂಜೆ ನಾಲ್ಕಕ್ಕೆ ಕೆಲಸ ಬೇಗ ನಿಲ್ಲಿಸಿ ನೋಡುವುದಾಗಿ ಒಪ್ಪಿಕೊಂಡಿದ್ದರು. ಹತ್ತು ಗಂಟೆಗೆ ಮಕ್ಕಳು ದುಂಡಗೆ ನಿಂತರು. ರೇಣುಕಾ ಚೀಲ ಬಿಚ್ಚಿದಳು. ಗಿರಿಜಕ್ಕ ನನ್ನ ಜೊತೆ ಗೋಡೆಯ ನೆರಳಲ್ಲಿ ನಿಂತಿದ್ದಳು.

ಕೊಂಬು ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳಿಗೆ ಹೋಯಿತು. ರೈತನ ಕಂಬಳಿ ಇನ್ನೊಬ್ಬಳಿಗೆ. ಗೌಡನ ರುಮಾಲು ಫಾರೂಕನಿಗೆ. ಫಾರೂಕ ಬ್ಯಾಡಗಿಯವನೇ, ಹದಿನಾಲ್ಕು ವರ್ಷದ ಮಾತುಗಾರ. ರುಮಾಲು ಸುತ್ತಿಕೊಂಡ ಕೂಡಲೇ, “ಯಾರಲ್ಲಿ, ಚಾ ತರ್ರಿ” ಎಂದ. ಕೊನೆಗೆ ಚೀಲದಲ್ಲಿ ಉಳಿದದ್ದು ಬೆದರುಗೊಂಬೆಯ ತಲೆ. ಕಾಗದ ಅಂಟಿಸಿ ಮಾಡಿದ ಕರಿ ಗಡಿಗೆ, ಅದರ ಮೇಲೆ ಸುಣ್ಣದ ಕಣ್ಣು, ಹಲ್ಲು. ರೇಣುಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ದುಂಡು ದಾಟಿ ನಮ್ಮ ಕಡೆ ಬಂದಳು. ನನಗೆ ಕೊಡುತ್ತಾಳೇನೋ ಎಂದು ನಾನು ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ.

“ಅಕ್ಕಾರ, ಹಿಡೀರಿ” ಎಂದಳು.

ಗಿರಿಜಕ್ಕ ನಕ್ಕಳು. “ಏ ಹುಚ್ಚಿ, ನನಗ್ಯಾಕ?”

“ಹಂಚೋದು ನಾ ಅಲ್ರಿ ಇವತ್ತು?”

“ನನಗ ಭುಜ ನೋಯ್ತೈತಿ. ಕೈ ಚಾಚಿ ಅರ್ಧ ತಾಸು ನಿಲ್ಲೂದು ಆಗೂದಿಲ್ಲ.”

ರೇಣುಕಾ ಗಡಿಗೆಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಗಿರಿಜಕ್ಕ ಒಲ್ಲೆ ಅಂದರೆ ಹದಿನೆಂಟು ವರ್ಷದ ಪದ್ಧತಿ ಮುರಿಯುತ್ತದೆ, ಮರುದಿನ ರೇಣುಕಾ ನೆಟ್ ಮನೆಗೆ ಮರಳುತ್ತಾಳೆ. ಈ ಎರಡನೆಯದು ಅಲ್ಲಿ ನನಗೆ ಮತ್ತು ರೇಣುಕಾಳಿಗೆ ಮಾತ್ರ ಗೊತ್ತಿತ್ತು. ಮಾತಾಡಿದವನು ಫಾರೂಕ. ರುಮಾಲು ಸರಿಮಾಡಿಕೊಳ್ಳುತ್ತಾ, ಗೌಡನ ದನಿಯಲ್ಲೇ, “ಒಲ್ಲೆ ಅನ್ನಂಗಿಲ್ರೀ. ಒಲ್ಲೆ ಅಂದವರು ಮನೀಗೆ. ಹಾವೇರಿ ಬಸ್ಸು ಹನ್ನೊಂದಕ್ಕ ಐತಿ” ಎಂದ.

ಯಾರೂ ನಗಲಿಲ್ಲ. ಗಿರಿಜಕ್ಕ ಅವನನ್ನು ನೋಡಿದಳು, ರೇಣುಕಾಳನ್ನು ನೋಡಿದಳು. ಆಮೇಲೆ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಗಡಿಗೆ ಹಿಡಿದುಕೊಂಡಳು.

ಅದಾದ ಮೇಲೆ ಅವಳ ಪಾಡು ನೋಡುವಂತಿತ್ತು. ಹಾಡು ಅವಳಿಗೆ ಬರುತ್ತಿರಲಿಲ್ಲ. ಟೆಂಪೋದ ಹಿಂದೆ ಕುಳಿತು ಹತ್ತು ವರ್ಷದ ಹುಡುಗಿಯೊಬ್ಬಳಿಂದ ಕಲಿಯಲು ಶುರುಮಾಡಿದಳು. “ಹಂಗಲ್ರಿ ಅಕ್ಕಾರ, ಮದಲ ಎಮ್ಮಿ, ಆಮ್ಯಾಗ ಬೇಲಿ” ಎಂದು ಆ ಹುಡುಗಿ ನಾಲ್ಕೈದು ಸಲ ತಿದ್ದಿದ್ದು ನನಗೆ ಕೇಳಿಸಿತು. ನಾನು ರೇಣುಕಾಳ ಬಳಿ ಹೋಗಿ, “ಅವರಿಗೆ ಹಾಡು ಬರಂಗಿಲ್ಲ ಅಂತ ಗೊತ್ತಿತ್ತೇನು?” ಎಂದೆ.

“ಗೊತ್ತಿತ್ರಿ. ಎಲ್ಲಾರಿಗೂ ಎಲ್ಲಾ ಬರಬೇಕು ಅಂತ ಹೇಳಿಕೊಟ್ಟವರು ಅವರ ಅಲ್ರಿ?” ಎಂದಳು. ಮುಖದಲ್ಲಿ ಕೊಂಕು ಇರಲಿಲ್ಲ. ಇತ್ತೋ ಏನೋ, ನನಗೆ ಕಾಣಲಿಲ್ಲ.

ನಾಲ್ಕಕ್ಕೆ ಹೆಂಗಸರು ತಲೆ, ಮೂಗು ಮುಚ್ಚಿ ಕಟ್ಟಿಕೊಂಡ ಬಟ್ಟೆಯನ್ನು ಬಿಚ್ಚಿ, ಸೆರಗು ಝಾಡಿಸಿ, ಸಾಲಾಗಿ ಕುಳಿತರು. ಹಲಗಿ ಬಡಿಯಿತು. ಬೆದರುಗೊಂಬೆಯನ್ನು ಇಬ್ಬರು ಹಿಡಿದು ತಂದು ನಡುವೆ ನೆಟ್ಟರು. ಮೈಮೇಲೆ ಯಾರದೋ ಹಳೆಯ ಅಂಗಿ, ಚಾಚಿದ ಕೈಗಳನ್ನು ಒಂದು ಕೋಲಿಗೆ ಮೆತ್ತಗೆ ಕಟ್ಟಿದ್ದರು. ಅದರೊಳಗೆ ಗಿರಿಜಕ್ಕ ಇದ್ದಾಳೆಂದು ನೋಡುವವರಿಗೆ ತಿಳಿಯುವಂತಿರಲಿಲ್ಲ.

ಎರಡನೆಯ ದೃಶ್ಯದಲ್ಲಿ ಚಿಗರಿ ತನ್ನ ಮಾತು ಮರೆತು ಮುಂದಿನದಕ್ಕೆ ಹಾರಿತು. ಗಡಿಗೆಯೊಳಗಿಂದ “ಏ, ಏ, ಅದಲ್ಲ!” ಎಂಬ ದನಿ ಬಂತು. ಫಾರೂಕ ತಟ್ಟನೆ ತಿರುಗಿದ:

“ಯಾರದು ಮಾತಾಡಿದ್ದು? ಬೆದರುಗೊಂಬಿ! ನಿನ್ನ ಪಾಳಿ ಬಂದಿಲ್ಲ ಇನ್ನ. ಸುಮ್ಮ ನಿಂದ್ರು, ಇಲ್ಲಾಂದ್ರ ಕಾಗಿ ಬಿಡಸ್ತೇನಿ ನಿನ್ನ ಮ್ಯಾಲೆ.”

ಹೆಂಗಸರು ಬಿದ್ದು ಬಿದ್ದು ನಕ್ಕರು. ಇದೂ ನಾಟಕವೇ ಎಂದುಕೊಂಡಿದ್ದರು. ಗಡಿಗೆ ಸುಮ್ಮನಾಯಿತು. ಮತ್ತೆ ಇಪ್ಪತ್ತು ನಿಮಿಷ ಮಾತೇ ಬರಲಿಲ್ಲ. ಹಲಗಿ ಒಮ್ಮೆ ಮುಂದೆ ಹೋಯಿತು. ರೇಣುಕಾ ಬದಿಯಲ್ಲಿ ನಿಂತು ಅಂಗೈ ಕೆಳಗೆ ಮಾಡಿ ತೋರಿಸಿದಳು, ಹಲಗಿ ತಹಬಂದಿಗೆ ಬಂತು.

ಕೊನೆಗೆ ಗೌಡ ಎದ್ದು ನಿಂತು, “ಬೆದರುಗೊಂಬಿ, ಹಗಲೂ ರಾತ್ರಿ ಹೊಲದಾಗ ನಿಂತಾಂವ ನೀ. ಖರೇ ಹೇಳು, ಏನ್ ನೋಡೀದಿ?” ಎಂದ. ಹಲಗಿ ನಿಂತಿತು.

ಗಿರಿಜಕ್ಕ ಮೊದಲ ಸಾಲು ಹಾಡಿದಳು. ಎರಡನೆಯದಕ್ಕೆ ಬೇಲಿ ಬಂತು, ಎಮ್ಮೆ ಬರಲಿಲ್ಲ. ನಿಂತಳು. ಇನ್ನೊಮ್ಮೆ ಮೊದಲಿನಿಂದ ಹಿಡಿದಳು. ಮತ್ತೆ ಬೇಲಿಯ ಹತ್ತಿರ ನಿಂತಳು. ಆಗ ಮಕ್ಕಳನ್ನು ನೋಡಿದೆ. ಚಿಗರಿ, ರೈತ, ಗೌಡ, ಹಲಗಿಯವರು, ಎಲ್ಲರ ಮುಖವೂ ಒಂದೇ ಕಡೆ ತಿರುಗಿತ್ತು. ಬದಿಯಲ್ಲಿ ನಿಂತ ರೇಣುಕಾಳ ಕಡೆ. ಇದು ಡೈರಿಯಲ್ಲಿದೆ, ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ರೇಣುಕಾ ಸಾಲನ್ನು ಪಿಸುಗುಡಲಿಲ್ಲ. ಅಂಗಳದ ನಡುವೆ ಬಂದು ಹೆಂಗಸರಿಗೆ ಹೇಳಿದಳು:

“ಯವ್ವಾರ, ಈ ಬೆದರುಗೊಂಬಿಗೆ ವಯಸ್ಸಾತ್ರಿ, ಮರವು ಬಂದೈತಿ. ನೀವು ಹೊಲದಾಗ ದುಡದವರು. ನೀವ ಹೇಳ್ರಿ, ಬೆಳಿ ಮದಲ ಮೇಯ್ದವರು ಯಾರು?”

ಒಂದು ಗಳಿಗೆ ಗುಸುಗುಸು. ಮುಂದಿನ ಸಾಲಿನ ಮುದುಕಿಯೊಬ್ಬಳು ಬಾಯಿಯ ಎಲೆಯಡಿಕೆ ಸರಿಸಿಕೊಂಡು, “ಇದರಾಗ ಕೇಳೂದೇನೈತಿ? ಗೌಡನ ಎಮ್ಮಿ ಮೇಯ್ದಿರತೈತಿ! ಯಾವ ಊರಾಗೂ ಅಷ್ಟ” ಎಂದಳು.

ಅಂಗಳವೇ ಎದ್ದು ಹಾರಿದಂತಾಯಿತು. ಫಾರೂಕ ತಬ್ಬಿಬ್ಬಾದ. “ಸಾಕ್ಷಿ ಎಲ್ಲೈತಿ ಯಮ್ಮಾ?” ಎಂದು ತೊದಲಿದ.

“ನಾ ಅದೇನಿ ಸಾಕ್ಷಿ. ಬರಕೋ. ನಿನ್ನ ಎಮ್ಮೀದು ಒಂದು ಕೋಡು ಮುರದಿತ್ತು, ಅದನ್ನೂ ಬರಕೋ!”

ಹಾಡು ಪೂರ್ತಿಯಾಗಲಿಲ್ಲ. ಮಕ್ಕಳು ಕಟ್ಟಿದ ಮುಕ್ತಾಯ ಅದಾಗಿರಲಿಲ್ಲ. ಆದರೆ ಚಿಗರಿ ಬಿಡುಗಡೆಯಾಯಿತು. ನಾಟಕವನ್ನು ಇಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಹೀಗೆ ಬರೆಯುವಾಗ ನಾನು ಗೆಳತಿಯ ಬಳಗವೆಂದು ಮೆಚ್ಚುತ್ತಿದ್ದೇನೆಯೇ ಎಂದು ಕೇಳಿಕೊಂಡೆ. ಇಲ್ಲ, ಆ ಗಳಿಗೆ ನಾನು ಮೆಚ್ಚಿದ್ದು ರೇಣುಕಾಳನ್ನು. ಅಂಥವಳನ್ನು ಬೆಳೆಸಿದ ಗೆಳತಿಯನ್ನು ಮೆಚ್ಚಿದ್ದು ಆಮೇಲೆ.

ಆಟವಾದ ಮೇಲೆ ಮಂಡಕ್ಕಿ, ಮಿರ್ಚಿ ಹಂಚಿದರು. ಎಲ್ಲರೂ ದುಂಡಗೆ ಕುಳಿತರು. ಗಿರಿಜಕ್ಕ ಭುಜ ಒತ್ತಿಕೊಳ್ಳುತ್ತಾ, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ವಾಡಿಕೆಯಂತೆ, “ಹಲಗಿಯವರು ಕೇಳ್ರಿ...” ಎಂದು ಶುರುಮಾಡಿದಳು.

“ಅಕ್ಕಾರ” ಎಂದಳು ರೇಣುಕಾ. ದನಿ ಮೆತ್ತಗಿತ್ತು. “ವೇಷ ಹಾಕಿದವರು ಮದಲ ತಮ್ಮ ತಪ್ಪು ಹೇಳಬೇಕ್ರಿ. ಆಮ್ಯಾಗ ಮಂದೀದು.”

ಅದೂ ಗಿರಿಜಕ್ಕನೇ ಮಾಡಿದ ಪದ್ಧತಿ ಎಂದು ಪಕ್ಕದ ಹುಡುಗಿ ನನಗೆ ಹೇಳಿದಳು. ಗಿರಿಜಕ್ಕನ ಕಿವಿ ಕೆಂಪಾಗಿತ್ತು. ಅವಳನ್ನು ಬಲ್ಲ ನಾಲ್ಕು ದಶಕಗಳಲ್ಲಿ ಹಾಗೆ ಕಂಡಿರಲಿಲ್ಲ.

“ನಾ ಪದಾ ಕಲತಿರಲಿಲ್ಲ” ಎಂದಳು. “ನಡುವ ಮಾತಾಡಿದೆ. ಎರಡು ತಪ್ಪು.”

“ಮಂಗಳವಾರ ಐದಕ್ಕ ಬರ್ರಿ, ಪದಾ ಕಲಸ್ತೀವಿ” ಎಂದಳು ರೇಣುಕಾ. ನಂತರ ಚಿಗರಿಯಾದ ಹುಡುಗಿಯ ಕಡೆ ತಿರುಗಿ, “ಈಗ ನಿಂದು ಹೇಳು” ಎಂದಳು. ಮಾತು ಹಾಗೆಯೇ ದುಂಡು ಸುತ್ತಿ ಮುಂದೆ ಹೋಯಿತು.

ನನ್ನ ಹುಬ್ಬಳ್ಳಿ ಬಸ್ಸಿನ ಹೊತ್ತಾಗಿತ್ತು. ಎದ್ದು ಎಲ್ಲರಿಗೂ ಕೈಮುಗಿದೆ. ಸ್ಟ್ಯಾಂಡಿನವರೆಗೆ ಬರುತ್ತೇನೆಂದು ಗಿರಿಜಕ್ಕನೂ ಎದ್ದಳು. ನಾಲ್ಕು ಹೆಜ್ಜೆ ನಡೆದವಳು ನಿಂತು ಹಿಂದೆ ತಿರುಗಿದಳು.

“ರೇಣುಕಾ, ಇಕೀನ್ನ ಬಸ್ ಹತ್ತಿಸಿ ಬರಲೇನು?”

“ಹೋಗಿ ಬರ್ರಿ ಅಕ್ಕಾರ” ಎಂದಳು ರೇಣುಕಾ, ತಲೆ ಎತ್ತದೆ, ಹಲಗಿಗಳನ್ನು ಚೀಲಕ್ಕೆ ಹಾಕುತ್ತಾ. “ಲಗೂ ಬರ್ರಿ ಮತ್ತ, ಸಾಮಾನು ಕಟ್ಟೂದೈತಿ.”

ದಾರಿಯಲ್ಲಿ, ಹಿಂದಿನ ಸಂಜೆ ನಾನು ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕೆಂದಿದ್ದೆ. ಅದಕ್ಕೆ ಅವಕಾಶ ಕೊಡದೆ ಅವಳು ಎರಡು ಸಲ ಗಡಿಯಾರ ನೋಡಿಕೊಂಡಳು. ಬಸ್ಸು ಬಂತು. ಕಿಟಕಿಯ ಪಕ್ಕ ಕುಳಿತು ಕೈಬೀಸಲು ಹೊರಗೆ ನೋಡಿದರೆ ಗಿರಿಜಕ್ಕ ಅಲ್ಲಿರಲಿಲ್ಲ. ಬಸ್ಸು ತಿರುವಿನಲ್ಲಿ ಬಾಗಿದಾಗ ಕಂಡಳು. ಒಂದು ಕೈಯಿಂದ ಭುಜ ಹಿಡಿದುಕೊಂಡು, ಇನ್ನೊಂದರಲ್ಲಿ ಸೀರೆಯ ನಿರಿಗೆ ಎತ್ತಿಕೊಂಡು, ಮೆಣಸಿನಕಾಯಿ ಚೀಲಗಳ ಸಾಲಿನ ನಡುವೆ ಬಿರಬಿರನೆ ವಾಪಸ್ಸು ನಡೆಯುತ್ತಿದ್ದಳು.